ಕ್ಷಾರ ಒಪ್ಪಿದ ಅಲಂಕಾರ: ಮನೆಯಲ್ಲಿ ಸಾಬೂನು ಮಾಡುವ ಸೋದರಿಯರಿಗೊಂದು ಬಹಿರಂಗ ಪತ್ರ

ಹಬ್ಬದ ಉಡುಗೊರೆಗೆಂದೋ ಸಂತೆಯ ಮಳಿಗೆಗೆಂದೋ ಬಣ್ಣದ, ಪರಿಮಳದ ಸಾಬೂನು ಮಾಡಲು ಮುಂದಾಗಿರುವ ಸ್ತ್ರೀಶಕ್ತಿ ಸ್ವಸಹಾಯ ಸಂಘಗಳ ಸೋದರಿಯರಿಗೆ,

ಎಣ್ಣೆ ಮತ್ತು ಕ್ಷಾರ ಒಂದನ್ನೊಂದು ಬದಲಿಸಿದಾಗ ಸಾಬೂನು ಹುಟ್ಟುತ್ತದೆ. ಎಣ್ಣೆಯ ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್‌ಗೆ ಅಂಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾದ ದ್ರಾವಣ ಆ ಬೆಸುಗೆಯನ್ನು ಬಿಡಿಸುತ್ತದೆ. ಕೊಬ್ಬಿನಾಮ್ಲಗಳು ಸೋಡಿಯಂ ಜೊತೆ ಸೇರಿ ಸಾಬೂನಾಗುತ್ತವೆ, ಬಿಡುಗಡೆಯಾದ ಗ್ಲಿಸರಿನ್ ಅದರೊಳಗೇ ಉಳಿಯುತ್ತದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1823ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕ್ರಿಯೆಯನ್ನು ವಿವರಿಸುವ ಮುನ್ನವೇ ಜನ ಬೂದಿನೀರಿನಲ್ಲಿ ಕೊಬ್ಬು ಕುದಿಸಿ ಶತಮಾನಗಟ್ಟಲೆ ಸಾಬೂನು ಮಾಡಿದ್ದರು. ಅಂಟುವಾಳವೂ ಸೀಗೆಯೂ ನೊರೆ ಕೊಡುತ್ತವೆ. ಆದರೆ ಅವುಗಳ ನೊರೆಗೆ ಕಾರಣ ಗಿಡದೊಳಗೇ ಇರುವ ಸಪೋನಿನ್ ಎಂಬ ವಸ್ತು. ಅಲ್ಲಿ ಎಣ್ಣೆಯೂ ಇಲ್ಲ, ಸೋಡಾವೂ ಇಲ್ಲ.

ಅಲಂಕಾರದ ಸಾಬೂನಿನ ಮಾತು ಬಂದಾಗ ಬಹುತೇಕ ಎಲ್ಲರ ಗಮನ ಅಚ್ಚು, ಬಣ್ಣ, ಸುವಾಸನೆಗಳ ಮೇಲೆ ಹೋಗುತ್ತದೆ. ಅದು ಸಹಜ. ಆದರೂ ಅವನ್ನೆಲ್ಲ ನಿರ್ಧರಿಸುವುದು ಕ್ಷಾರ. ಯಾವ ಪಾತ್ರೆ ತಾಳುತ್ತದೆ, ಯಾವ ಬಣ್ಣ ನಿಲ್ಲುತ್ತದೆ, ಯಾವ ಹೂವು ಕಂದುತ್ತದೆ, ಯಾವ ಪರಿಮಳ ವಾರದೊಳಗೆ ಹಾರಿಹೋಗುತ್ತದೆ ಎಂಬುದು ಕ್ಷಾರದೊಂದಿಗೆ ಅದು ಹೇಗೆ ಬಾಳುತ್ತದೆ ಎಂಬುದರ ಮೇಲೆ ನಿಂತಿದೆ. ಇದನ್ನು ಮೊದಲು ಅರಿತವರಿಗೆ ಸಾಮಾನು ಹಾಳಾಗುವುದು ಕಡಿಮೆ, ಕೈ ಸುಟ್ಟುಕೊಳ್ಳುವುದು ಇನ್ನೂ ಕಡಿಮೆ.

ಮನೆಯಲ್ಲಿ ಸಾಬೂನು ಮಾಡಲು ಎರಡು ದಾರಿಗಳಿವೆ. ಮೊದಲನೆಯದು ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ ಸೋಪ್ ಬೇಸ್ ಕರಗಿಸಿ ಅಚ್ಚಿಗೆ ಹುಯ್ಯುವುದು. ಇಲ್ಲಿ ಕ್ಷಾರದ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಎರಡನೆಯದು ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಿಂದ ತೊಡಗಿ ಎಲ್ಲವನ್ನೂ ಕೈಯಾರೆ ಮಾಡುವುದು. ಹೊಸದಾಗಿ ಕಲಿಯುವ ಸಂಘಕ್ಕೆ, ಮನೆಯಲ್ಲಿ ಪುಟ್ಟ ಮಕ್ಕಳಿರುವವರಿಗೆ ಮೊದಲ ದಾರಿಯೇ ಸರಿ. ಅದನ್ನು ಕಡಿಮೆ ದರ್ಜೆಯದೆಂದು ನೋಡಬೇಕಾಗಿಲ್ಲ. ಪಾರದರ್ಶಕ ಸಾಬೂನಿನೊಳಗೆ ಹೂವಿನ ಆಕಾರ ತೇಲಿಸುವಂಥ ಕೆಲಸಕ್ಕೆ ಅದಕ್ಕಿಂತ ಸುಲಭದ ದಾರಿಯೂ ಇಲ್ಲ.

ಸೋಪ್ ಬೇಸನ್ನು ಸಣ್ಣ ತುಂಡುಗಳಾಗಿ ಹೆಚ್ಚಿ, ನೇರ ಉರಿಯ ಮೇಲಿಡದೆ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಕರಗುತ್ತದೆ. ಕುದಿಯಲು ಬಿಟ್ಟರೆ ನೀರಿನ ಅಂಶ ಹೋಗಿ ಜಿಗುಟಾಗುತ್ತದೆ. ಉರಿಯಿಂದ ಇಳಿಸಿ, ಬಿಸಿ ಕೊಂಚ ಆರಿದ ಮೇಲೆ ಬಣ್ಣ ಮತ್ತು ಸುವಾಸನೆ ಬೆರೆಸಬೇಕು. ಒಂದು ಕಿಲೋ ಬೇಸಿಗೆ 10ರಿಂದ 20 ಗ್ರಾಂ ಸುಗಂಧ ಸಾಕು. ಹುಯ್ದ ಮೇಲೆ ಮೇಲ್ಭಾಗದಲ್ಲಿ ಏಳುವ ಗುಳ್ಳೆಗಳಿಗೆ ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ಟನ್ನು ಸಣ್ಣಗೆ ಸಿಂಪಡಿಸಿದರೆ ಅವು ಒಡೆದುಹೋಗುತ್ತವೆ. ಸ್ಪಿರಿಟ್ ಸಿಂಪಡಿಸುವಾಗ ಹತ್ತಿರ ಒಲೆ ಉರಿಯುತ್ತಿರಬಾರದು. ಎರಡು ಬಣ್ಣದ ಪದರ ಬೇಕಿದ್ದರೆ ಕೆಳಪದರ ಕೆನೆಗಟ್ಟಿದರೂ ಇನ್ನೂ ಬೆಚ್ಚಗಿರುವಾಗ ಸ್ಪಿರಿಟ್ ಸಿಂಪಡಿಸಿ ಮೇಲಿನದನ್ನು ಹುಯ್ಯಬೇಕು. ಪೂರ್ತಿ ತಣಿದ ಪದರದ ಮೇಲೆ ಹುಯ್ದದ್ದು ಬಳಸುವಾಗ ಕಳಚಿ ಬೀಳುತ್ತದೆ. ಗ್ಲಿಸರಿನ್ ಗಾಳಿಯ ತೇವ ಹೀರಿಕೊಳ್ಳುವ ವಸ್ತು. ಹೀಗಾಗಿ ಕರಾವಳಿಯಲ್ಲಾಗಲಿ ಮಲೆನಾಡಿನ ಮಳೆಗಾಲದಲ್ಲಾಗಲಿ ಈ ಸಾಬೂನನ್ನು ಅಚ್ಚಿನಿಂದ ತೆಗೆದು ತೆರೆದಿಟ್ಟರೆ ಕೆಲವೇ ಗಂಟೆಗಳಲ್ಲಿ ಮೈಮೇಲೆ ಹನಿಗಟ್ಟುತ್ತದೆ. ತಣಿದ ಕೂಡಲೇ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತುವುದೊಂದೇ ಇದಕ್ಕೆ ಉಪಾಯ.

ಎರಡನೆಯ ದಾರಿಗೆ ಮುಖ್ಯವಾಗಿ ಬೇಕಾದದ್ದು ಒಂದು ಗ್ರಾಂವರೆಗೆ ಸರಿಯಾಗಿ ತೋರಿಸುವ ಡಿಜಿಟಲ್ ತಕ್ಕಡಿ. ಸಾಬೂನಿನ ಲೆಕ್ಕ ಲೋಟ, ಚಮಚಗಳಲ್ಲಿ ನಡೆಯುವುದಿಲ್ಲ, ನೀರನ್ನೂ ತೂಗಬೇಕು. ಪ್ರತಿಯೊಂದು ಎಣ್ಣೆಗೂ ಅದನ್ನು ಪೂರ್ತಿ ಸಾಬೂನಾಗಿಸಲು ಬೇಕಾದ ಕಾಸ್ಟಿಕ್ ಸೋಡಾದ ಪ್ರಮಾಣ ಬೇರೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ, ಅಕ್ಕಿ ತೌಡಿನ ಎಣ್ಣೆಗೆ 0.133, ಹರಳೆಣ್ಣೆಗೆ 0.128, ಉತ್ತರ ಕನ್ನಡದ ಮನೆಗಳಲ್ಲಿ ತೆಗೆಯುವ ಮುರುಗಲು ತುಪ್ಪಕ್ಕೆ 0.135 ಗ್ರಾಂ. ಒಂದು ಎಣ್ಣೆ ಸಿಗಲಿಲ್ಲವೆಂದು ಅದರ ಜಾಗಕ್ಕೆ ಇನ್ನೊಂದನ್ನು ಹಾಕಿ ಸೋಡಾ ಮಾತ್ರ ಅಷ್ಟೇ ಇಟ್ಟುಕೊಂಡರೆ ಚರ್ಮ ಸುಡುವ ಸಾಬೂನು ಸಿದ್ಧವಾಗಬಹುದು. ಈ ಒಂದು ವಿಷಯದಲ್ಲಿ ಅಂದಾಜಿಗೆ ಎಡೆಯೇ ಇಲ್ಲ.

ಒಂದು ಕಿಲೋ ಎಣ್ಣೆಯ ಲೆಕ್ಕ ಹೀಗಿರುತ್ತದೆ. ಕೊಬ್ಬರಿ ಎಣ್ಣೆ 400 ಗ್ರಾಂ, ತೌಡಿನ ಎಣ್ಣೆ 400 ಗ್ರಾಂ, ಮುರುಗಲು ತುಪ್ಪ 100 ಗ್ರಾಂ, ಹರಳೆಣ್ಣೆ 100 ಗ್ರಾಂ. ಇವುಗಳಿಗೆ ಅನುಕ್ರಮವಾಗಿ 73.2, 53.2, 13.5, 12.8 ಗ್ರಾಂ, ಒಟ್ಟು 152.7 ಗ್ರಾಂ ಸೋಡಾ ಬೇಕು. ಅಷ್ಟನ್ನೂ ಹಾಕುವುದಿಲ್ಲ. ನೂರಕ್ಕೆ ಐದು ಪಾಲು ಕಳೆದು 145 ಗ್ರಾಂ ಮಾತ್ರ ಹಾಕಿದರೆ ಸ್ವಲ್ಪ ಎಣ್ಣೆ ಸಾಬೂನಾಗದೆ ಉಳಿದು ಚರ್ಮಕ್ಕೆ ಮೃದುತ್ವ ಕೊಡುತ್ತದೆ, ತೂಕದ ಸಣ್ಣ ತಪ್ಪನ್ನೂ ನುಂಗಿಕೊಳ್ಳುತ್ತದೆ. ನೀರು ಸೋಡಾದ ಎರಡರಷ್ಟು, ಅಂದರೆ 290 ಗ್ರಾಂ. ಕೊಬ್ಬರಿ ಎಣ್ಣೆ ಗಟ್ಟಿತನವನ್ನೂ ಬುರುಗು ನೊರೆಯನ್ನೂ ಕೊಡುತ್ತದೆ, ಅದೊಂದೇ ಆದರೆ ಚರ್ಮ ಒಣಗಿಸುತ್ತದೆ. ಹರಳೆಣ್ಣೆ ನೊರೆಯನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ, ಹೆಚ್ಚಾದರೆ ಸಾಬೂನು ಅಂಟಂಟಾಗುತ್ತದೆ. ತೌಡಿನ ಎಣ್ಣೆ ಅಗ್ಗವೂ ಮೃದುವೂ ಹೌದು. ಮುರುಗಲು ತುಪ್ಪ ಸಾಬೂನಿಗೆ ಬಿಗಿ ತರುತ್ತದೆ.

ಕಾಸ್ಟಿಕ್ ಸೋಡಾ ಎಂದರೆ ಸೋಡಿಯಂ ಹೈಡ್ರಾಕ್ಸೈಡ್ ಮಾತ್ರ. ಬಟ್ಟೆ ಒಗೆಯುವ ಸೋಡಾ, ಅಡುಗೆ ಸೋಡಾ ಅದರ ಕೆಲಸ ಮಾಡುವುದಿಲ್ಲ. ಚರಂಡಿ ಕೊಳವೆ ಬಿಡಿಸಲೆಂದು ಮಾರುವ ಪುಡಿಗಳಲ್ಲಿ ಬೇರೆ ಪದಾರ್ಥಗಳು ಬೆರೆತಿರುವುದರಿಂದ ಅವೂ ಬೇಡ. ಸೋಡಾವನ್ನು ಯಾವಾಗಲೂ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಅದು ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯಬಹುದು. ಸರಿಯಾಗಿ ಬೆರೆಸಿದರೂ ದ್ರಾವಣ 80 ಡಿಗ್ರಿ ದಾಟಿ ಬಿಸಿಯಾಗುತ್ತದೆ, ಕೆಮ್ಮು ಬರಿಸುವ ಆವಿ ಏಳುತ್ತದೆ. ಅದಕ್ಕಾಗಿ ಕಿಟಕಿಯ ಬಳಿಯೋ ಹಿತ್ತಲ ಜಗಲಿಯಲ್ಲೋ ಈ ಕೆಲಸ ನಡೆಯಬೇಕು. ಕೈಗೆ ರಬ್ಬರ್ ಗವಸು, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಉದ್ದ ತೋಳಿನ ಹಳೆಯ ಅಂಗಿ ಕಡ್ಡಾಯ. ಅಲ್ಯೂಮಿನಿಯಂ ಮತ್ತು ಹಿಂಡಾಲಿಯಂ ಪಾತ್ರೆಗಳನ್ನು ಕ್ಷಾರ ತಿನ್ನುತ್ತದೆ, ಆಗ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಕಲಾಯಿ ಹಾಕಿದ ಹಿತ್ತಾಳೆಯೂ ಆಗದು. ಸ್ಟೀಲ್ ಪಾತ್ರೆ ಅಥವಾ ದಪ್ಪ ಪಾಲಿಪ್ರೊಪಿಲೀನ್ ಡಬ್ಬ ಸರಿ, ಮತ್ತು ಅವು ಮುಂದೆಂದೂ ಅಡುಗೆಗೆ ಬರಬಾರದು.

ಮೈಮೇಲೆ ಹನಿ ಬಿದ್ದರೆ ಹರಿಯುವ ತಣ್ಣೀರಿನಲ್ಲಿ ಕನಿಷ್ಠ ಕಾಲು ಗಂಟೆ ತೊಳೆಯಬೇಕು. ವಿನೆಗರ್ ಅಥವಾ ನಿಂಬೆರಸ ಹಚ್ಚುವುದು ತಪ್ಪು. ಸುಟ್ಟ ಚರ್ಮದ ಮೇಲೆ ಅದು ಮತ್ತಷ್ಟು ಬಿಸಿ ಹುಟ್ಟಿಸುತ್ತದೆ. ಕಣ್ಣಿಗೆ ಬಿದ್ದರೆ ತಕ್ಷಣ ತೊಳೆಯಲು ಶುರುಮಾಡಿ, ತೊಳೆಯುತ್ತಲೇ ಆಸ್ಪತ್ರೆಗೆ ಹೊರಡುವ ಏರ್ಪಾಡು ಮಾಡಬೇಕು. ದ್ರಾವಣ ಕಾಣಲು ನೀರಿನಂತೆಯೇ ಇರುವುದರಿಂದ ಅದನ್ನು ಕುಡಿಯುವ ಲೋಟ, ಚೊಂಬು, ಬಾಟಲಿಗಳಲ್ಲಿ ಅರೆಕ್ಷಣವೂ ಇಡಬಾರದು. ಮಕ್ಕಳು ಓಡಾಡುವ ಮನೆಯಲ್ಲಿ ಈ ಎಚ್ಚರ ಮಿಕ್ಕೆಲ್ಲಕ್ಕಿಂತ ದೊಡ್ಡದು.

ಎಣ್ಣೆ ಮತ್ತು ದ್ರಾವಣ ಎರಡೂ 40ರಿಂದ 45 ಡಿಗ್ರಿಗೆ ಇಳಿದ ಮೇಲೆ ದ್ರಾವಣವನ್ನು ಎಣ್ಣೆಗೆ ಸಣ್ಣ ಧಾರೆಯಾಗಿ ಹುಯ್ದು ಕಲಸಬೇಕು. ಹ್ಯಾಂಡ್ ಬ್ಲೆಂಡರ್ ಇದ್ದರೆ ಕೆಲವೇ ನಿಮಿಷಗಳ ಕೆಲಸ. ಕಡಗೋಲಿನಿಂದ ಕಡೆದರೂ ಆಗುತ್ತದೆ, ಆದರೆ ಬಹಳ ಹೊತ್ತು ಹಿಡಿಯುತ್ತದೆ, ಆ ಕಡಗೋಲು ಮತ್ತೆ ಮೊಸರಿಗೆ ಬಾರದು. ಮಿಶ್ರಣ ಮಸುಕಾಗಿ, ದೋಸೆಹಿಟ್ಟಿನ ಹದಕ್ಕೆ ಬಂದು, ಚಮಚದಿಂದ ಮೇಲೆ ಬಿಟ್ಟ ಧಾರೆ ಗೆರೆಯಾಗಿ ಒಂದು ಕ್ಷಣ ನಿಂತರೆ ಹದ ಕೂಡಿದೆ ಎಂದು ಅರ್ಥ. ಬಣ್ಣಗಳ ಸುಳಿ ಬಿಡಿಸುವವರು ಅದಕ್ಕೂ ತುಸು ತೆಳುವಾಗಿದ್ದಾಗಲೇ ನಿಲ್ಲಿಸಬೇಕು. ಸುವಾಸನೆ, ಬಣ್ಣ ಸೇರುವುದು ಈ ಹಂತದಲ್ಲಿ. ಒಂದು ಕಿಲೋ ಎಣ್ಣೆಗೆ 20ರಿಂದ 30 ಗ್ರಾಂ ಸುಗಂಧ ಸಾಮಾನ್ಯ ಅಳತೆ. ಲವಂಗದ ಎಣ್ಣೆ ಮತ್ತು ಹಲವು ಹೂವಿನ ಕೃತಕ ಸುಗಂಧಗಳು ಮಿಶ್ರಣವನ್ನು ಕಣ್ಣೆದುರೇ ಗಟ್ಟಿಗೊಳಿಸಿಬಿಡುತ್ತವೆ. ಅಂಥವನ್ನು ಕೊನೆಯಲ್ಲಿ ಸೇರಿಸಿ, ಬ್ಲೆಂಡರ್ ಬಿಟ್ಟು ಕೈಚಮಚದಲ್ಲಿ ಕಲಸಿ, ತಡಮಾಡದೆ ಅಚ್ಚಿಗೆ ಇಳಿಸಬೇಕು.

ಸುವಾಸನೆಯ ಆಯ್ಕೆಯಲ್ಲಿ ಕರ್ನಾಟಕದವರ ಮನಸ್ಸು ಮೊದಲು ಗಂಧದ ಕಡೆ ಓಡುತ್ತದೆ, ಅದಕ್ಕೆ ಇತಿಹಾಸದ ಬಲವೂ ಇದೆ. ಮೊದಲ ಮಹಾಯುದ್ಧದಿಂದ ಗಂಧದ ಕೊರಡುಗಳ ರಫ್ತು ನಿಂತುಹೋದಾಗ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಎಣ್ಣೆ ತೆಗೆಯಲು ಕೈಹಾಕಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರ ಪ್ರಯೋಗಗಳಿಂದ ಆ ಕೆಲಸ ಕೈಗೂಡಿತು. ಲಂಡನ್ನಿನಲ್ಲಿ ತರಬೇತಿ ಪಡೆದು ಬಂದ ಎಸ್.ಜಿ. ಶಾಸ್ತ್ರಿಯವರು ಆ ಎಣ್ಣೆಗೆ ಸಾಬೂನಿನಲ್ಲಿ ನೆಲೆ ಒದಗಿಸಿದರು. ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯಂಥ ಹೊದಿಕೆ, ಆನೆಯ ತಲೆ ಸಿಂಹದ ಮೈಯ ಶರಭ ಮುದ್ರೆ ಎಲ್ಲವೂ ಸೇರಿ ಮೈಸೂರು ಸ್ಯಾಂಡಲ್ ಸಾಬೂನು ಅಲಂಕಾರದ ಸಾಬೂನಿಗೂ ಒಂದು ಮಾದರಿಯಾಯಿತು.

ಗಂಧದೆಣ್ಣೆ ಕ್ಷಾರವನ್ನು ಚೆನ್ನಾಗಿ ತಾಳುತ್ತದೆ, ನಿಧಾನವಾಗಿ ಆರುತ್ತದೆ, ಜೊತೆಗಿರುವ ಹಗುರ ಪರಿಮಳಗಳನ್ನೂ ಹಿಡಿದಿಡುತ್ತದೆ. ಆದರೆ ಅದರ ಬೆಲೆ ಮನೆಗೆಲಸಕ್ಕೆ ಎಟುಕುವಂಥದ್ದಲ್ಲ. ಗಂಧದ ಪುಡಿ ಹಾಕಿದರೆ ತಿಳಿಕಂದು ಬಣ್ಣ ಬರುತ್ತದೆಯೇ ಹೊರತು ವಾಸನೆ ಅಷ್ಟಾಗಿ ಉಳಿಯುವುದಿಲ್ಲ. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆಗಳು ಕೆಲವು ವಾರಗಳಲ್ಲೇ ಹಾರಿಹೋಗುತ್ತವೆ. ಅದೇ ನಿಂಬೆಯ ಭಾವ ಬೇಕೆಂದರೆ ಮಜ್ಜಿಗೆಹುಲ್ಲಿನ ಎಣ್ಣೆ ಹೆಚ್ಚು ಬಾಳುತ್ತದೆ. ಅದಕ್ಕೆ ಲಾವಂಚದ ಎಣ್ಣೆ ಸ್ವಲ್ಪ ಸೇರಿಸಿದರೆ ಇನ್ನೂ ನಿಲ್ಲುತ್ತದೆ. ಮಲ್ಲಿಗೆಯ ವಿಷಯದಲ್ಲಿ ನಿರಾಸೆ ಕಾದಿದೆ. ಮೈಸೂರು ಮಲ್ಲಿಗೆಯಾಗಲಿ ಹಡಗಲಿಯದಾಗಲಿ, ಹೂವನ್ನು ಎಣ್ಣೆಯಲ್ಲಿ ನೆನೆಹಾಕಿ ಸಾಬೂನು ಮಾಡಿದರೆ ಆ ಸೂಕ್ಷ್ಮ ಘಮ ಕ್ಷಾರದ ಮುಂದೆ ನಿಲ್ಲುವುದಿಲ್ಲ. ಮಲ್ಲಿಗೆಯ ಸತ್ವವನ್ನು ದ್ರಾವಕಗಳಿಂದ ತೆಗೆಯುತ್ತಾರೆ, ಅದು ಬಹಳ ದುಬಾರಿ. ಆದ್ದರಿಂದ ಮಲ್ಲಿಗೆ ಸಾಬೂನಿಗೆ ಚರ್ಮಕ್ಕೆ ಸುರಕ್ಷಿತವೆಂದು ಪ್ರಮಾಣಪತ್ರವಿರುವ ಸಿದ್ಧ ಸುಗಂಧವೇ ಪ್ರಾಮಾಣಿಕ ದಾರಿ. ಊದುಬತ್ತಿಗೆಂದು ಮಾರುವ ಪರಿಮಳ ಚರ್ಮಕ್ಕಾಗಿ ಮಾಡಿದ್ದಲ್ಲ. ದಾಲ್ಚಿನ್ನಿ ಎಣ್ಣೆ ಚರ್ಮ ಕೆರಳಿಸುತ್ತದೆ, ಅದು ಬೇಡವೇ ಬೇಡ. ಸಹಜ ಎಣ್ಣೆಯಾದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು. ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿರುವ ಸಿಟ್ರಾಲ್ ಕೂಡ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ವೆನಿಲಿನ್ ಇರುವ ಸುಗಂಧ ಸಾಬೂನನ್ನು ಕ್ರಮೇಣ ಕಂದಾಗಿಸುತ್ತದೆ, ಬಿಳಿ ಸಾಬೂನಿಗೆ ಅದನ್ನು ತಪ್ಪಿಸಬೇಕು.

ಬಣ್ಣದ ಪಾಠವಂತೂ ಕನ್ನಡದ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಅದು ಕೆಂಪಾಗುತ್ತದೆ. ಸುಣ್ಣವೂ ಕ್ಷಾರವೇ. ಸಾಬೂನಿಗೆ ಹಾಕಿದ ಅರಿಶಿನವೂ ಹಾಗೆಯೇ ಮೊದಲು ಕೆಂಪುಕಂದಾಗಿ, ಸಾಬೂನು ಬಲಿತಂತೆ ಕಿತ್ತಳೆ, ಸಾಸಿವೆ ಬಣ್ಣಗಳತ್ತ ತಿರುಗುತ್ತದೆ, ಬಿಸಿಲಿಗೆ ಮಸುಕಾಗುತ್ತದೆ. ಇದರಿಂದ ಒಂದು ಸುಲಭ ಪರೀಕ್ಷೆಯೂ ಒದಗುತ್ತದೆ. ಸುಣ್ಣದ ತಿಳಿನೀರನ್ನು ಗಾಜಿನ ಲೋಟದಲ್ಲಿಟ್ಟು, ಬಳಸಬೇಕೆಂದಿರುವ ಪುಡಿಯನ್ನು ಚಿಟಿಕೆ ಹಾಕಿ ಒಂದು ರಾತ್ರಿ ಬಿಟ್ಟರೆ ಕ್ಷಾರದಲ್ಲಿ ಅದರ ಗತಿಯೇನೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಬೀಟ್‌ರೂಟ್ ತನ್ನ ಕೆಂಪು ಬಿಟ್ಟು ಹಳದಿಗಂದಾಗುತ್ತದೆ. ಶಂಖಪುಷ್ಪದ ನೀಲಿ ಹಸಿರಾಗಿ ಹಳದಿಗೆ ಇಳಿಯುತ್ತದೆ. ದಾಸವಾಳವೂ ಮೋಸ ಮಾಡುತ್ತದೆ. ಕಣ್ಣಿಗೆ ಹಬ್ಬವಾಗುವ ಹೂ ಹಣ್ಣಿನ ಬಣ್ಣಗಳಲ್ಲಿ ಬಹುಪಾಲು ಹೀಗೆಯೇ ಸೋಲುತ್ತವೆ.

ನಿಲ್ಲುವ ಬಣ್ಣಗಳು ಹೆಚ್ಚಾಗಿ ಮಣ್ಣು, ಬೇರು, ಬೀಜಗಳವು. ಕಾವಿಮಣ್ಣಿನ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್, ಕ್ಷಾರ ಅದನ್ನು ಮುಟ್ಟುವುದಿಲ್ಲ. ಆದರೂ ಹೊಲದ ಮಣ್ಣನ್ನು ತರುವುದು ಸರಿಯಲ್ಲ, ಚರ್ಮದ ಬಳಕೆಗೆಂದು ಶುದ್ಧೀಕರಿಸಿದ್ದೇ ಬೇಕು. ಮಂಜಿಷ್ಠದ ಬೇರು ಗುಲಾಬಿಯಿಂದ ನೇರಳೆಯವರೆಗೆ ಛಾಯೆ ಕೊಡುತ್ತದೆ. ರಂಗಮಾಲೆ ಬೀಜವನ್ನು ಎಣ್ಣೆಯಲ್ಲಿ ನೆನೆಸಿ ಸೋಸಿದರೆ ಹಳದಿ, ಕಿತ್ತಳೆ ಸಿಗುತ್ತವೆ. ನೀಲಿಗಿಡದ ಪುಡಿ ನೀಲಿ ಕೊಡುತ್ತದೆ, ನುಣ್ಣಗಿನ ಇದ್ದಿಲು ಕಪ್ಪು ಕೊಡುತ್ತದೆ. ಬೇವಿನೆಲೆಯ ಪುಡಿ ಮೊದಲು ಹಸಿರಾಗಿದ್ದು ತಿಂಗಳುಗಳಲ್ಲಿ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ಹೊಳಪು ಬೇಕಾದವರಿಗೆ ಸೌಂದರ್ಯವರ್ಧಕ ದರ್ಜೆಯ ಅಭ್ರಕದ ಪುಡಿ ಇದೆ. ರಂಗೋಲಿ ಪುಡಿ, ಬಟ್ಟೆಯ ಬಣ್ಣ, ಹೋಳಿಯ ಬಣ್ಣ ಯಾವ ಕಾರಣಕ್ಕೂ ಸಾಬೂನಿಗೆ ಬೀಳಬಾರದು.

ಹೂವಿನ ದಳಗಳ ಕಥೆಯೂ ಇದೇ. ಹಸಿ ಸಾಬೂನಿನೊಳಗೆ ಹುದುಗಿಸಿದ ಗುಲಾಬಿ ದಳ ಕಂದಿ ಕಪ್ಪಾಗಿ ಕೊಳೆತಂತೆ ಕಾಣುತ್ತದೆ. ಕ್ಯಾಲೆಂಡುಲಾ ದಳದ ಹಳದಿ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಉಳಿದ ದಳಗಳನ್ನು ಚೆನ್ನಾಗಿ ಒಣಗಿಸಿ, ಸಾಬೂನು ಗಟ್ಟಿಯಾಗುವ ಹೊತ್ತಿಗೆ ಮೇಲ್ಭಾಗದಲ್ಲಷ್ಟೇ ಒತ್ತಿದರೆ ಕೆಲಕಾಲ ಚಂದವಾಗಿರುತ್ತವೆ. ಒಣಗಿದ ಹೀರೆಕಾಯಿಯ ನಾರನ್ನು ಬಿಲ್ಲೆಯಾಗಿ ಕೊಯ್ದು ಅಚ್ಚಿನಲ್ಲಿಟ್ಟು ಸಾಬೂನು ಹುಯ್ದರೆ ಅಡ್ಡಕ್ಕೆ ಕತ್ತರಿಸಿದಾಗ ಒಳಗಿನ ಬಲೆಯೇ ಚಿತ್ತಾರವಾಗುತ್ತದೆ. ಮೈ ಉಜ್ಜಲೂ ಒಳ್ಳೆಯದು.

ಅಚ್ಚಿಗೆ ಸಿಲಿಕೋನ್ ಉತ್ತಮ. ಸಾಬೂನು ಬಿಡಿಸಲು ಸುಲಭ. ಮರದ ಪೆಟ್ಟಿಗೆಗೆ ಬೆಣ್ಣೆ ಕಾಗದದ ಒಳಹಾಸು ಬೇಕು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಗಿಳಿ, ಆನೆ, ಬೃಂದಾವನಗಳು ಸಾಬೂನಿನಲ್ಲಿ ಮೂಡಿದರೆ ಅದಕ್ಕಿಂತ ನಮ್ಮದೆನ್ನಿಸುವ ಉಡುಗೊರೆ ಮತ್ತೊಂದಿಲ್ಲ. ಆದರೆ ಹಸಿ ಮಿಶ್ರಣವನ್ನು ಆ ಸಕ್ಕರೆ ಅಚ್ಚಿಗೆ ನೇರವಾಗಿ ಹುಯ್ದರೆ ಮರದ ಕೆತ್ತನೆಗೆ ಅಂಟಿಕೊಳ್ಳುತ್ತದೆ, ಮರವೂ ಹಾಳು. ಮಿಶ್ರಣವನ್ನು ಗಾಳಿಯಾಡದ ಡಬ್ಬದಲ್ಲಿ ಒಂದೆರಡು ದಿನ ಮುಚ್ಚಿಟ್ಟರೆ ಕಣಕದ ಹಾಗೆ ನಾದಲು ಬರುತ್ತದೆ. ಅದನ್ನು ಗವಸು ಹಾಕಿದ ಕೈಯಲ್ಲಿ ನಾದಿ, ತೆಳು ಪ್ಲಾಸ್ಟಿಕ್ ಹಾಸಿದ ಅಚ್ಚಿಗೆ ಒತ್ತಿ ತೆಗೆಯಬಹುದು. ಸಾಬೂನಿಗೆ ಬಳಸಿದ ಅಚ್ಚನ್ನು ಸಕ್ಕರೆಗೆ ಮತ್ತೆ ಬಳಸದಂತೆ ಗುರುತು ಹಾಕಿ ಬೇರೆ ಇಡಬೇಕು.

ಅಚ್ಚಿಗೆ ಹುಯ್ದ ಸಾಬೂನನ್ನು ಮುಚ್ಚಿ ಒಂದು ದಿನ ಬಿಟ್ಟರೆ ತನ್ನದೇ ಬಿಸಿಯಲ್ಲಿ ಕ್ರಿಯೆ ಮುಂದುವರಿದು ಗಟ್ಟಿಯಾಗುತ್ತದೆ. ಎರಡನೆಯ ದಿನ ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ, ಬಿಲ್ಲೆಗಳು ಒಂದಕ್ಕೊಂದು ತಾಗದಂತೆ ನಾಲ್ಕರಿಂದ ಆರು ವಾರ ಹರಡಿಡಬೇಕು. ಈ ಅವಧಿಯಲ್ಲಿ ನೀರಿನ ಅಂಶ ಇಳಿದು ಸಾಬೂನು ಗಟ್ಟಿಯಾಗುತ್ತದೆ, ನೊರೆ ಹದವಾಗುತ್ತದೆ, ಬಳಕೆಯಲ್ಲಿ ಬೇಗ ಸವೆಯುವುದಿಲ್ಲ. ಮಳೆಗಾಲದಲ್ಲಿ ಇನ್ನೂ ಎರಡು ವಾರ ಕಾಯುವುದು ಲೇಸು. ದೀಪಾವಳಿಗೆ ಬೇಕಾದ ಸಾಬೂನು ಗಣೇಶನ ಹಬ್ಬದ ಹೊತ್ತಿಗೇ ಅಚ್ಚಿಗೆ ಇಳಿದಿರಬೇಕು. ಮೇಲೆ ಕೂರುವ ಬಿಳಿ ಪುಡಿಯ ಪದರ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೋಡಾ ಸೇರಿ ಆದದ್ದು. ಅಂದ ಕೆಡುತ್ತದೆ, ಅಪಾಯವಿಲ್ಲ, ಆವಿ ಹಿಡಿದರೆ ಹೋಗುತ್ತದೆ. ಒಳಗೆ ಬಿಳಿ ಪುಡಿಯ ಗಂಟುಗಳೋ ನೀರಿನ ಗುಳಿಗಳೋ ಕಂಡರೆ ಅದು ಬೇರೆ ಮಾತು. ಅವು ಕರಗದೆ ಉಳಿದ ಸೋಡಾ ಇರಬಹುದು, ಅಂಥ ಸಾಬೂನನ್ನು ಯಾರಿಗೂ ಕೊಡಬಾರದು. ಕಿತ್ತಳೆ ಚುಕ್ಕೆ, ಕಮಟು ವಾಸನೆ ಎಣ್ಣೆ ಹಳಸಿದ್ದರ ಗುರುತು. ಸರಿಯಾದ ಸಾಬೂನಿನ ಪಿಎಚ್ 9ರಿಂದ 10ರ ಆಸುಪಾಸಿನಲ್ಲಿರುತ್ತದೆ. ಒದ್ದೆ ಮಾಡಿದ ಸಾಬೂನಿಗೆ ಪಿಎಚ್ ಕಾಗದ ತಾಗಿಸಿದಾಗ 11 ದಾಟಿದರೆ ಆ ಬಾರಿಯ ಸಾಬೂನನ್ನು ಹೊರಗೆ ಕಳಿಸಬಾರದು.

ಮನೆಯವರಿಗೆ, ನೆಂಟರಿಗೆ ಕೊಡುವುದು ಒಂದು, ಮಾರುವುದು ಇನ್ನೊಂದು. ಭಾರತದಲ್ಲಿ ಮಾರಾಟಕ್ಕೆ ಸ್ನಾನದ ಸಾಬೂನು ತಯಾರಿಸುವುದು 2020ರ ಸೌಂದರ್ಯವರ್ಧಕ ನಿಯಮಗಳಡಿ ಬರುತ್ತದೆ, ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ತಯಾರಿಕೆಯ ಪರವಾನಗಿ ಪಡೆಯಬೇಕಾಗುತ್ತದೆ. ಒಂದೊಂದು ಮನೆಗೆ ಇದು ಭಾರ. ಹಲವು ಸಂಘಗಳು ಕೂಡಿ ಒಂದೇ ಘಟಕ ಮಾಡಿಕೊಂಡರೆ ಆ ಭಾರ ಹಂಚಿಹೋಗುತ್ತದೆ, ತೂಕ ಮತ್ತು ಪರೀಕ್ಷೆಗೂ ಒಂದು ಶಿಸ್ತು ಬರುತ್ತದೆ. ಇಸುಬು ವಾಸಿಯಾಗುತ್ತದೆ, ಕಲೆ ಹೋಗುತ್ತದೆ ಎಂಬಂಥ ಮಾತುಗಳನ್ನು ಹೊದಿಕೆಯ ಮೇಲೆ ಬರೆಯಬಾರದು, ಅದು ಸಾಬೂನನ್ನು ಔಷಧಿಯೆಂದು ಹೇಳಿದಂತಾಗುತ್ತದೆ. ಮೈಸೂರು ಸ್ಯಾಂಡಲ್ ಸಾಬೂನಿಗೆ ಭೌಗೋಳಿಕ ಸೂಚಕದ ರಕ್ಷಣೆ ಇರುವುದರಿಂದ ಆ ಹೆಸರನ್ನಾಗಲಿ ಅದನ್ನು ಹೋಲುವ ಹೆಸರನ್ನಾಗಲಿ ಮನೆಯ ಸಾಬೂನಿಗೆ ಇಡುವಂತಿಲ್ಲ.

ಬಲಿತ ಸಾಬೂನನ್ನು ಉಸಿರಾಡುವ ಕಾಗದದಲ್ಲೋ ಹತ್ತಿ ಬಟ್ಟೆಯಲ್ಲೋ ಸುತ್ತಬೇಕು. ಪ್ಲಾಸ್ಟಿಕ್ ಹಾಳೆ ಗ್ಲಿಸರಿನ್ ಬೇಸಿನ ಸಾಬೂನಿಗೆ ಮಾತ್ರ. ಹೊದಿಕೆಯ ಮೇಲೆ ಬಳಸಿದ ಎಣ್ಣೆಗಳು, ಸುಗಂಧ, ಬಣ್ಣ, ತಯಾರಿಸಿದ ದಿನ, ತೂಕ ಇಷ್ಟನ್ನೂ ಕನ್ನಡದಲ್ಲಿ ಬರೆದಿದ್ದರೆ ಅಲರ್ಜಿಯಿರುವವರು ನೋಡಿಕೊಂಡು ಬಳಸಬಹುದು. ಜೊತೆಗೆ ಒಂದು ಸಾಲಿನ ಸೂಚನೆ ಇರಲಿ: ಮೊದಲ ಬಾರಿ ಮೊಣಕೈ ಒಳಭಾಗದಲ್ಲಿ ಹಚ್ಚಿ ಒಂದು ದಿನ ನೋಡುವುದು, ಕೆಳಗೆ ನೀರು ಇಳಿದುಹೋಗುವ ತೂತಿನ ತಟ್ಟೆಯಲ್ಲಿಡುವುದು.